ಎಚ್ಚರಿಕೆಯ ಪಾಠದಲ್ಲಿ ಕಾಣದ ಪೌರ: ಶಾಲಾ ಶಿಕ್ಷಕರು ಮತ್ತು ಡಿಜಿಟಲ್ ಪೌರತ್ವ

ಡಿಜಿಟಲ್ ಪೌರತ್ವದ ಹೆಸರಿನಲ್ಲಿ ನಮ್ಮ ಪ್ರೌಢಶಾಲೆಗಳಲ್ಲಿ ನಡೆಯುವ ಪಾಠ ಬಹುಮಟ್ಟಿಗೆ ‘ಬೇಡ’ಗಳ ಪಟ್ಟಿ. ಪಾಸ್‌ವರ್ಡ್ ಹೇಳಬೇಡಿ, ಒಟಿಪಿ ಕೊಡಬೇಡಿ, ಗುರುತಿಲ್ಲದವರೊಡನೆ ಚಾಟ್ ಮಾಡಬೇಡಿ, ಫೋಟೊ ಹಾಕಬೇಡಿ. ಒಂದೊಂದು ಎಚ್ಚರಿಕೆಯ ಹಿಂದೆಯೂ ನಿಜವಾದ ಅಪಾಯವಿದೆ. ಸೈಬರ್ ವಂಚನೆಯ ದೂರಿಗೆ 1930, ಮಕ್ಕಳ ಸಹಾಯವಾಣಿಗೆ 1098 ಎಂಬುದು ಪ್ರತಿ ಮಗುವಿಗೂ ಬಾಯಿಪಾಠವಾಗಿರಲೇಬೇಕು. ಆದರೂ ಈ ಪಾಠದ ಕಣ್ಣಿಗೆ ಮಗು ನಾಳೆಯ ಬಲಿಪಶು, ಇಲ್ಲವೇ ನಾಳೆಯ ತಪ್ಪಿತಸ್ಥ. ಹಕ್ಕು ಕೇಳುವ, ಸಾರ್ವಜನಿಕ ವಿಷಯದಲ್ಲಿ ಬಾಯಿ ತೆರೆಯುವ, ಅಧಿಕಾರವನ್ನು ಪ್ರಶ್ನಿಸುವ ಪೌರ ಅಲ್ಲಿ ಕಾಣುವುದಿಲ್ಲ. ಶಿಕ್ಷಕರಿಗೆ ತಂತ್ರಜ್ಞಾನ ಸಾಲದು, ಅದಕ್ಕೇ ಹೀಗೆ ಎಂಬ ನಂಬಿಕೆ ತರಬೇತಿ ಯೋಜನೆಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ನನ್ನ ವಾದ ಬೇರೆ: ಡಿಜಿಟಲ್ ವ್ಯವಸ್ಥೆಯೊಳಗೆ ಶಿಕ್ಷಕರಿಗೇ ಪೌರರ ಸ್ಥಾನ ಸಿಕ್ಕಿಲ್ಲ. ತಮಗೆ ಸಿಗದ ಸ್ಥಾನವನ್ನು ಅವರು ತರಗತಿಯಲ್ಲಿ ಕಲಿಸುವುದು ಕಷ್ಟ.

ಈ ಇಕ್ಕಟ್ಟಿನ ಬೀಜ ಪರಿಕಲ್ಪನೆಯ ಚರಿತ್ರೆಯಲ್ಲೇ ಇದೆ. 2007ರ ಹೊತ್ತಿಗೆ ಅಮೆರಿಕದಲ್ಲಿ ಎರಡು ಪುಸ್ತಕಗಳು ಬಂದವು. ಮೈಕ್ ರಿಬ್ಬಲ್ ಮತ್ತು ಜೆರಾಲ್ಡ್ ಬೇಲಿ ಶಾಲೆಗಳಿಗಾಗಿಯೇ ಬರೆದ ಪುಸ್ತಕ ಡಿಜಿಟಲ್ ಪೌರತ್ವವನ್ನು ಒಂಬತ್ತು ಅಂಶಗಳಾಗಿ ವಿಂಗಡಿಸಿ, ತಂತ್ರಜ್ಞಾನದ ಬಳಕೆಯಲ್ಲಿ ತಕ್ಕ ನಡವಳಿಕೆಗೆ ಒತ್ತು ಕೊಟ್ಟಿತು. ಕರೆನ್ ಮಾಸ್‌ಬರ್ಗರ್, ಕ್ಯಾರೊಲಿನ್ ಟೋಲ್ಬರ್ಟ್, ರಮೋನಾ ಮೆಕ್‌ನೀಲ್ ಹಿಡಿದದ್ದು ರಾಜ್ಯಶಾಸ್ತ್ರದ ದಾರಿ. ಅಂತರ್ಜಾಲದ ಮೂಲಕ ಸಮಾಜದಲ್ಲಿ ಪಾಲ್ಗೊಳ್ಳುವ ಸಾಮರ್ಥ್ಯವೇ ಡಿಜಿಟಲ್ ಪೌರತ್ವ ಎಂದ ಅವರಿಗೆ ಅದು ಸಮಾನತೆಯ ಪ್ರಶ್ನೆಯಾಗಿತ್ತು. ಶಾಲೆಗಳಿಗೆ ಒಗ್ಗಿದ್ದು ಮೊದಲನೆಯದು; ನಡವಳಿಕೆಯ ನಿಯಮಗಳನ್ನು ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಬಹುದು, ಪಾಲ್ಗೊಳ್ಳುವುದನ್ನು ಹಾಗೆ ಅಂಟಿಸಲಾಗದು. ಜೋಯಲ್ ವೆಸ್ಟ್‌ಹೈಮರ್ ಮತ್ತು ಜೋಸೆಫ್ ಕಾಹ್ನ್ 2004ರಲ್ಲೇ ಜವಾಬ್ದಾರಿಯುತ, ಪಾಲ್ಗೊಳ್ಳುವ, ನ್ಯಾಯಪರ ಎಂದು ಮೂರು ಬಗೆಯ ಪೌರರನ್ನು ಗುರುತಿಸಿ, ಮೊದಲ ಬಗೆಯವನು ಸರ್ವಾಧಿಕಾರಿಗೂ ಪ್ರಿಯನಾಗಬಲ್ಲ ಎಂದು ಎಚ್ಚರಿಸಿದ್ದರು. 2016ರಲ್ಲಿ ಮೂನ್‌ಸನ್ ಚೋಯ್ ಡಿಜಿಟಲ್ ಪೌರತ್ವದ ನಾಲ್ಕು ಮುಖಗಳನ್ನು ಹೆಸರಿಸಿದರು: ನೈತಿಕತೆ, ಮಾಧ್ಯಮ ಮತ್ತು ಮಾಹಿತಿ ಸಾಕ್ಷರತೆ, ಪಾಲ್ಗೊಳ್ಳುವಿಕೆ, ವಿಮರ್ಶಾತ್ಮಕ ಪ್ರತಿರೋಧ. ನಮ್ಮ ತರಗತಿ ಮೊದಲ ಎರಡನ್ನು ದಾಟಿ ಮುಂದೆ ಹೋಗುವುದು ಅಪರೂಪ.

ಇತ್ತ ಮಕ್ಕಳು ಎಲ್ಲಿದ್ದಾರೆ? ಗ್ರಾಮೀಣ ಭಾರತದ 14ರಿಂದ 16 ವರ್ಷದವರಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎಂದು 2024ರ ‘ಅಸರ್’ ಸಮೀಕ್ಷೆ ಹೇಳುತ್ತದೆ. ಸಮೀಕ್ಷೆಯ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಶೇ 76. ಜಾಲತಾಣ ಬಳಸುವವರಲ್ಲಿ ಪ್ರೊಫೈಲನ್ನು ಖಾಸಗಿಯಾಗಿಡಲು ಬರುವವರು ಸುಮಾರು ಶೇ 55 ಮಾತ್ರ. ಫೋನ್ ಬಳಸಬಲ್ಲವರಲ್ಲಿ ಸ್ವಂತ ಫೋನ್ ಇರುವ ಹುಡುಗರು ಶೇ 36.2, ಹುಡುಗಿಯರು ಶೇ 26.9. ಈ ಕೊನೆಯ ಅಂತರವನ್ನು ಶಿಕ್ಷಕರು ಮನಸ್ಸಿಟ್ಟು ನೋಡಬೇಕು. ಭಯವನ್ನಷ್ಟೇ ಕಲಿಸಿದ ಪಾಠ ಮನೆ ತಲುಪಿದಾಗ ಫೋನ್ ಕಳೆದುಕೊಳ್ಳುವವಳು ಹುಡುಗಿ. ಕಿರುಕುಳ ಕೊಟ್ಟವನ ಮೇಲೆ ದೂರು ಹೇಳಿದರೆ ತನ್ನ ಫೋನೇ ಹೋಗುತ್ತದೆಂದು ಅರಿತವಳು ದೂರನ್ನೇ ನುಂಗಿಕೊಳ್ಳುತ್ತಾಳೆ. ಸುರಕ್ಷತೆಗಾಗಿಯೇ ಹುಟ್ಟಿದ ಪಾಠ ಅವಳ ಸುರಕ್ಷತೆಗೇ ಮುಳುವಾಗುವುದು ಹೀಗೆ.

ಈಗ ಶಿಕ್ಷಕರ ಕಡೆ ನೋಡೋಣ. ಹಾಜರಿ ಮತ್ತು ಅಂಕಗಳಿಗೆ ಎಸ್‌ಎಟಿಎಸ್ ತಂತ್ರಾಂಶ, 2017ರಿಂದ ದೀಕ್ಷಾ ವೇದಿಕೆ, 2019ರಿಂದ ನಿಷ್ಠಾ ತರಬೇತಿ, ಇವೆಲ್ಲದರ ನಡುವೆ ಮೇಲಿನ ಆದೇಶ ಬಂದು ಬೀಳುವ ವಾಟ್ಸ್‌ಆ್ಯಪ್ ಗ್ರೂಪುಗಳು. ಕಾರ್ಯಕ್ರಮ ನಡೆದದ್ದಕ್ಕೆ ಸಾಕ್ಷಿಯಾಗಿ ಮಕ್ಕಳ ಫೋಟೊ ತೆಗೆದು ಅಪ್‌ಲೋಡ್ ಮಾಡುವವರೂ ಶಿಕ್ಷಕರೇ. ಯಾವ ಆ್ಯಪ್ ಬೇಕು, ಅದರ ಮಾಹಿತಿ ಎಲ್ಲಿ ಉಳಿಯುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಸರ್ಕಾರಿ ಶಿಕ್ಷಕರಿಗೆ ನೌಕರರ ನಡತೆ ನಿಯಮಗಳ ಕಟ್ಟೂ ಇದೆ. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದಕ್ಕೆ ಅವು ಅಡ್ಡಿ. ಹೀಗಿರುವಾಗ ವಿಮರ್ಶಾತ್ಮಕ ಪ್ರತಿರೋಧವನ್ನು ಅವರು ಯಾವ ಅನುಭವದಿಂದ ಕಲಿಸಬೇಕು? ‘ಹಾಕಬೇಡಿ, ಹೇಳಬೇಡಿ’ ಎಂಬುದು ಅವರು ತಮಗೆ ತಾವೇ ಹೇಳಿಕೊಳ್ಳುವ ಮಾತೂ ಹೌದು.

ಆದರೂ ಪೌರತ್ವದ ಪಾಠವನ್ನು ನಮ್ಮ ಶಾಲೆಗಳು ನಡೆಸಿಯೇ ಇಲ್ಲವೆಂದರೆ ಅನ್ಯಾಯವಾದೀತು. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನದ ಮೊದಲ ಹಂತ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಆರಂಭವಾದಾಗ ಲಸಿಕೆಯ ವಿರುದ್ಧ ವದಂತಿಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದವು. ಲಸಿಕೆ ಹಾಕುತ್ತಿದ್ದದ್ದು ಶಾಲೆಗಳಲ್ಲಿ; ಪೋಷಕರ ಪ್ರಶ್ನೆ ಬಂದದ್ದೂ ಶಾಲೆಯ ಬಾಗಿಲಿಗೆ. ಈ ಸಂದೇಶ ಬರೆದವರು ಯಾರು, ಅವರಿಗೆ ಹೇಗೆ ಗೊತ್ತು, ವೈದ್ಯರು ಏನನ್ನುತ್ತಾರೆ ಎಂದು ಪೋಷಕರ ಜೊತೆ ಕೂತು ಬಿಡಿಸಿದ ಪ್ರತಿ ಶಿಕ್ಷಕರೂ ಡಿಜಿಟಲ್ ಪೌರತ್ವವನ್ನೇ ಕಲಿಸುತ್ತಿದ್ದರು. ಮರುವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯವಾಗಿ, ಮಕ್ಕಳ ಕಳ್ಳರೆಂಬ ಸಂದೇಶ ನಂಬಿದ ಗುಂಪು ಒಬ್ಬ ಯುವಕನನ್ನು ಹೊಡೆದು ಕೊಂದಿತು. ಫಾರ್ವರ್ಡ್ ಒತ್ತುವ ಬೆರಳಿನ ಹೊಣೆಯನ್ನು ತರಗತಿಯಲ್ಲಿ ಚರ್ಚಿಸಲು ಇದಕ್ಕಿಂತ ಭಾರವಾದ, ಹತ್ತಿರದ ಪ್ರಸಂಗ ನಮಗೆ ಬೇಡ. ಅದೇ 2018ರಲ್ಲಿ ಕೇರಳದ ಕಣ್ಣೂರು ಜಿಲ್ಲಾಡಳಿತ ‘ಸತ್ಯಮೇವ ಜಯತೆ’ ಎಂಬ ಹೆಸರಿನಲ್ಲಿ ಸರ್ಕಾರಿ ಶಾಲೆಗಳಲ್ಲಿ ಸುಳ್ಳುಸುದ್ದಿ ಗುರುತಿಸುವ ತರಗತಿ ನಡೆಸಿತು. ಬಿಹಾರದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳೊಡನೆ ಸುಮಿತ್ರಾ ಬದ್ರಿನಾಥನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ ಇಂಥ ತರಗತಿಗಳ ಪರಿಣಾಮ ತಿಂಗಳುಗಳ ನಂತರವೂ ಉಳಿದಿತ್ತು. ಪೋಷಕರಿಗೂ ಒಂದಿಷ್ಟು ದಾಟಿತ್ತು. ಇಂಥ ಕಲಿಕೆಗೆ ಹಲವು ಅವಧಿಗಳ ತಾಳ್ಮೆ ಬೇಕು, ಒಂದು ದಿನದ ಜಾಗೃತಿ ಜಾಥಾ ಸಾಲದು.

ಹಕ್ಕುಗಳ ಪಾಠಕ್ಕೂ ಸಾಮಗ್ರಿ ಕೈಯಳತೆಯಲ್ಲೇ ಇದೆ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಮುಂಬೈ ಬಂದ್ ಕುರಿತ ಒಂದು ಫೇಸ್‌ಬುಕ್ ಪೋಸ್ಟ್‌ ಮತ್ತು ಅದಕ್ಕೆ ಬಿದ್ದ ಒಂದು ಲೈಕ್‌ಗಾಗಿ ಇಬ್ಬರು ಯುವತಿಯರ ಬಂಧನವಾಯಿತು. ಆ ಬಂಧನದಿಂದ ಎದ್ದ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಆಕ್ಷೇಪಾರ್ಹ ಆನ್‌ಲೈನ್ ಸಂದೇಶಕ್ಕೆ ಶಿಕ್ಷೆ ವಿಧಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಮಾಡಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. ಸಮಾಜ ವಿಜ್ಞಾನದ ಮೂಲಭೂತ ಹಕ್ಕುಗಳ ಅಧ್ಯಾಯಕ್ಕೆ ಈ ಎರಡು ತೀರ್ಪುಗಳನ್ನು ಸೇರಿಸಲು ಹೊಸ ಪಠ್ಯಕ್ರಮವಾಗಲಿ ಕಂಪ್ಯೂಟರ್ ಲ್ಯಾಬ್ ಆಗಲಿ ಬೇಕಿಲ್ಲ. ಸಮಾಜ ವಿಜ್ಞಾನದ ಶಿಕ್ಷಕರು ತಂತ್ರಜ್ಞಾನದ ಶಿಕ್ಷಕರಿಗಿಂತ ಈ ಕೆಲಸಕ್ಕೆ ಹೆಚ್ಚು ತಕ್ಕವರು ಎಂದೇ ನಾನು ಭಾವಿಸುತ್ತೇನೆ.

ಶಿಕ್ಷಕರು ತಾವೇ ಪೌರರಾಗಿ ಪ್ರಶ್ನೆ ಕೇಳಲೂ ಕಾನೂನಿನಲ್ಲಿ ಆಧಾರವಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಶಿಕ್ಷಕರಿಗೆ ಕೊಡುವ ತರಬೇತಿ ಇಲ್ಲಿಂದಲೇ ಶುರುವಾಗಲಿ. ಶಾಲಾ ಕಾರ್ಯಕ್ರಮದ ಫೋಟೊಗೆ ಯಾರ ಒಪ್ಪಿಗೆ ಪಡೆಯಬೇಕು, ಪೋಷಕರು ಒಲ್ಲೆನೆಂದರೆ ವರದಿ ಹೇಗೆ ಕಳಿಸಬೇಕು, ಆಗ ಶಿಕ್ಷಕರ ಬೆನ್ನಿಗೆ ಇಲಾಖೆ ನಿಲ್ಲುತ್ತದೆಯೇ ಎಂಬ ಪ್ರಶ್ನೆಗಳನ್ನು ಶಿಕ್ಷಕರು ಅಲ್ಲಿ ಎತ್ತಲಿ. ಇಲಾಖೆ ಬರವಣಿಗೆಯಲ್ಲಿ ಉತ್ತರಿಸಲಿ.