ಕಂಪ್ಲಿಯ 'ಮುರ್ತದ್' ಯಾರು?

ಹೊಸಪೇಟೆಯಿಂದ ಮಾತಾಡ್ತಿದ್ದೀನಿ. ಇಯರ್‌ಫೋನ್ ಹಾಕ್ಕೊಂಡು ಕಂಪ್ಲಿ ಬಸ್ಸಲ್ಲಿ ಕೂತಿರೋರು ಸ್ವಲ್ಪ ಜಾಸ್ತಿ ಗಮನ ಕೊಡಿ. ಇವತ್ತಿನ ಕಥೆ ನೀವು ಇಳಿಯೋ ಊರಿನದು.

ಹಕ್ಕ-ಬುಕ್ಕರ ಕಥೆ ನಮಗೆಲ್ಲ ಗೊತ್ತು. 1327ರಲ್ಲಿ ಕಂಪಿಲಿ ರಾಜ್ಯ ಬಿತ್ತು, ಅಣ್ಣತಮ್ಮಂದಿರನ್ನ ದಿಲ್ಲಿಗೆ ಹಿಡ್ಕೊಂಡು ಹೋದರು, ಮುಸ್ಲಿಮರನ್ನಾಗಿ ಮಾಡಿ ವಾಪಸ್ ಕಳಿಸಿದರು, ಅವರು ಹಳೇ ಧರ್ಮಕ್ಕೆ ಮರಳಿ ವಿಜಯನಗರ ಕಟ್ಟಿದರು. ಇದನ್ನ ಕೇಳಿದಾಗೆಲ್ಲ ನನಗೆ ಒಂದು ಪ್ರಶ್ನೆ ಕಾಡ್ತಿತ್ತು. ಇಸ್ಲಾಂ ಬಿಟ್ಟವನಿಗೆ ಮರಣದಂಡನೆ ಅಂತಾರಲ್ಲ, ಹಾಗಾದ್ರೆ ದಿಲ್ಲಿಯ ಕಾನೂನಿನ ಕಣ್ಣಲ್ಲಿ ಇವರು ಯಾರು?

ಮೊದಲು ಜಗಳ ಹೇಗೆ ಶುರುವಾಯ್ತು ನೋಡಿ. ಸಗರದಲ್ಲಿ, ಅಂದ್ರೆ ಈಗಿನ ಯಾದಗಿರಿ ಜಿಲ್ಲೆಯಲ್ಲಿ, ಬಹಾವುದ್ದೀನ್ ಗುರ್ಶಾಸ್ಪ್ ಅಂತ ಅಧಿಕಾರಿ ಇದ್ದ. ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್‌ನ ಹತ್ತಿರದ ಸಂಬಂಧಿ. ಅವನು ದಂಗೆ ಎದ್ದು, ಸೋತು, ಕಂಪಿಲರಾಯನ ಹತ್ತಿರ ಓಡಿಬಂದ. ಕಂಪಿಲರಾಯ ಆಶ್ರಯ ಕೊಟ್ಟ, ಅದರಿಂದಾನೇ ರಾಜ್ಯ ಕಳ್ಕೊಂಡ. ಸಂಡೂರಿನ ರಾಮಗಡದ ಕಡೆ ಇವತ್ತಿಗೂ ಹೆಸರಿರೋ ಕುಮಾರರಾಮ ಇವನ ಮಗನೇ. ಗುರ್ಶಾಸ್ಪ್ ಅಲ್ಲಿಂದ ಹೊಯ್ಸಳ ಬಲ್ಲಾಳನ ಹತ್ತಿರ ಹೋದ. ಬಲ್ಲಾಳ ಅವನನ್ನ ಹಿಡಿದು ಸುಲ್ತಾನನ ಕಡೆಯವರಿಗೆ ಒಪ್ಪಿಸಿಬಿಟ್ಟ. ಅವನ ಚರ್ಮ ಸುಲಿಸಿದರು. ಗಮನಿಸಿ, ಗುರ್ಶಾಸ್ಪ್ ಧರ್ಮ ಬಿಟ್ಟಿರಲಿಲ್ಲ. ಅವನ ತಪ್ಪು ದಂಗೆ ಮಾತ್ರ.

ಆಮೇಲೆ ಏನಾಯ್ತು ಅನ್ನೋದನ್ನ ಜಿಯಾವುದ್ದೀನ್ ಬರನಿ 1357ರಲ್ಲಿ ಮುಗಿಸಿದ ಇತಿಹಾಸದಲ್ಲಿ ಬರೀತಾನೆ. ಸುಲ್ತಾನ ಕಂಪಿಲಿಗೆ ಕಳಿಸಿದ್ದ ಒಬ್ಬ ಮನುಷ್ಯ, ವಾರಂಗಲ್ಲಿನ ನಾಯಕನ ಸಂಬಂಧಿ, ಇಸ್ಲಾಂ ಬಿಟ್ಟು ದಂಗೆ ಎದ್ದ, ಸೀಮೆ ಕೈಬಿಟ್ಟು ಹೋಯ್ತು. ಅಷ್ಟೇ. ಹೆಸರು ಹೇಳಲ್ಲ! ಅವನು ಹರಿಹರನೇ ಅನ್ನೋದು ಕೆಲವು ಇತಿಹಾಸಕಾರರ ಊಹೆ. ಇನ್ನು ಕೆಲವರು ಹಕ್ಕ-ಬುಕ್ಕರು ಮತಾಂತರ ಆಗಿದ್ದರು ಅನ್ನೋದನ್ನೇ ಒಪ್ಪಲ್ಲ, ಅವರು ಹೊಯ್ಸಳರ ಕಡೆಯವರು ಅಂತಾರೆ. ವಾಟ್ಸಾಪ್ ಫಾರ್ವರ್ಡುಗಳಲ್ಲಿ ಮಾತ್ರ ಎಲ್ಲವೂ ಖಚಿತ.

ಸರಿ, ಈಗ ಕಾನೂನು. ನಾನು ಬಿ.ಕಾಂ, ಫಿಕ್ಹ್ ಪಂಡಿತ ಅಲ್ಲ. ಆದರೆ ಓದಿದಾಗ ಬೆರಗಾದೆ. ಧರ್ಮ ಬಿಟ್ಟವನಿಗೆ ಅರಬ್ಬಿಯಲ್ಲಿ ಮುರ್ತದ್ ಅಂತಾರೆ. ಕುರ್‌ಆನ್ ಅವನಿಗೆ ಪರಲೋಕದ ಶಿಕ್ಷೆ ಹೇಳುತ್ತೆ, ಈ ಲೋಕದಲ್ಲಿ ಕೊಲ್ಲಿ ಅಂತ ವಿಧಿಸಲ್ಲ. ಧರ್ಮದ ವಿಷಯದಲ್ಲಿ ಬಲವಂತವನ್ನ ತಳ್ಳಿಹಾಕೋ ವಚನವೂ ಅದರಲ್ಲೇ ಇದೆ. ಮರಣದಂಡನೆಗೆ ಆಧಾರ ಹದೀಸು. ಅದನ್ನ ಹಿಡಿದು ಸುನ್ನಿಗಳ ನಾಲ್ಕೂ ಪಂಥದ ಹಳೇ ಪಂಡಿತರು ಗಂಡಸಿಗೆ ಮರಣದಂಡನೆ ಅಂದರು. ಇದನ್ನ ಮುಚ್ಚಿಟ್ಟು ಮಾತಾಡೋದು ಸರಿಯಲ್ಲ.

ಆದರೆ ದಿಲ್ಲಿಯಲ್ಲಿ ನಡೀತಿದ್ದದ್ದು ಹನಫಿ ಪಂಥ. ಅದರಲ್ಲಿ ಧರ್ಮ ಬಿಟ್ಟ ಹೆಂಗಸನ್ನ ಕೊಲ್ಲೋ ಹಾಗಿಲ್ಲ, ಜೈಲಿಗೆ ಹಾಕ್ತಾರೆ. ಯಾಕೆ? 11ನೇ ಶತಮಾನದ ಹನಫಿ ಪಂಡಿತ ಸರಖ್ಸಿಯ ವಾದ ಇದು: ಧರ್ಮ ಬಿಡೋದು ಮಹಾಪಾಪ, ಆದರೆ ಅದು ಮನುಷ್ಯ ಮತ್ತು ದೇವರ ನಡುವಿನ ಲೆಕ್ಕ, ಅದರ ತೀರ್ಮಾನ ಪರಲೋಕದಲ್ಲಿ. ಇಲ್ಲಿ ಕೊಲ್ಲೋದು ಅವನು ಎದುರಾಳಿಯಾಗಿ ಯುದ್ಧಕ್ಕೆ ನಿಲ್ತಾನೆ ಅನ್ನೋ ಕಾರಣಕ್ಕೆ. ಹೆಂಗಸು ಯುದ್ಧ ಮಾಡಲ್ಲ, ಆದ್ದರಿಂದ ಕೊಲ್ಲಬೇಡಿ. ಅಂದ್ರೆ ನಂಬಿಕೆ ಅಂತ ಹೆಸರು ಬರೆದ ಖಾತೆಯಲ್ಲಿ ನಿಜವಾಗಿ ಎಂಟ್ರಿ ಆಗ್ತಿದ್ದದ್ದು ರಾಜದ್ರೋಹ.

ನಮ್ಮ ಕಥೆಗೆ ಇನ್ನೂ ಹತ್ತಿರದ್ದು 'ಹಿದಾಯಾ'. 12ನೇ ಶತಮಾನದಲ್ಲಿ ಮರ್ಗಿನಾನಿ ಬರೆದದ್ದು, ಭಾರತದ ಹನಫಿಗಳ ಪ್ರಮುಖ ಗ್ರಂಥ. ಬಲವಂತದಿಂದ ಮುಸ್ಲಿಮನಾದವನು ಮುಸ್ಲಿಮನೇ ಅನ್ನುತ್ತೆ ಅದು. ಆದರೆ ಅವನು ಹಿಂದಕ್ಕೆ ಹೋದರೆ ಕೊಲ್ಲೋ ಹಾಗಿಲ್ಲ, ಯಾಕಂದ್ರೆ ಅವನ ಮನಸ್ಸಲ್ಲಿ ನಂಬಿಕೆ ಇತ್ತೋ ಇಲ್ವೋ ಅನ್ನೋ ಸಂದೇಹ ಇದೆ. ಸಂದೇಹದ ಲಾಭ! ಸೆರೆ ಹಿಡಿದು ಮತಾಂತರ ಮಾಡಿದ್ರು ಅನ್ನೋ ಕಥೆ ನಿಜವಾದ್ರೆ, ಹಕ್ಕ-ಬುಕ್ಕರಿಗೆ ಸುಲ್ತಾನನ ಪುಸ್ತಕದಲ್ಲೇ ರಕ್ಷಣೆ ಇತ್ತು. ಹಾಗಂತ ತುಘಲಕ್ ಪುಸ್ತಕ ತೆಗೆದು ನೋಡ್ತಿದ್ದ ಅಂತ ನನಗೇನೂ ಭ್ರಮೆ ಇಲ್ಲ. ದಂಗೆಕೋರರಿಗೆ ಅವನು ಏನು ಮಾಡ್ತಿದ್ದ ಅನ್ನೋದಕ್ಕೆ ಗುರ್ಶಾಸ್ಪ್ ಸಾಕ್ಷಿ.

ನನ್ನನ್ನ ಜಾಸ್ತಿ ಕಾಡಿದ್ದು ವಾಪಸ್ ಬಂದವರಲ್ಲ, ಬರದೇ ಉಳಿದವರು. 1333ರಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತಾ, ಮುಂದೆ ದಿಲ್ಲಿಯಲ್ಲೇ ಕಾಜಿ ಆದವನು, ಕಂಪಿಲರಾಯನ ಗಂಡುಮಕ್ಕಳನ್ನ ಕಣ್ಣಾರೆ ನೋಡಿದ್ದ. ಸೆರೆ ಸಿಕ್ಕ ಹನ್ನೊಂದು ಜನ ಮುಸ್ಲಿಮರಾದರು, ಸುಲ್ತಾನ ಅವರನ್ನ ಅಮೀರರನ್ನಾಗಿ ಮಾಡಿದ ಅಂತಾನೆ. ಮೂವರನ್ನ ತಾನೇ ಕಂಡಿದ್ದಾಗಿ ಹೇಳ್ತಾನೆ: ನಸ್ರ್, ಬಖ್ತಿಯಾರ್, ಮತ್ತೆ ಅಬೂ ಮುಸ್ಲಿಂ. ಅಬೂ ಮುಸ್ಲಿಂನ ಕೆಲಸ ಏನು ಗೊತ್ತಾ? ಸುಲ್ತಾನ ಕುಡಿಯೋ ನೀರಿಗೆ ಹಾಕೋ ಮುದ್ರೆ ಕಾಯೋದು. ಅಪ್ಪನನ್ನ ಕೊಂದ ದೊರೆಯ ನೀರಿನ ಮುದ್ರೆ ಕಂಪ್ಲಿ ಹುಡುಗನ ಕೈಯಲ್ಲಿ! ಇಬ್ನ್ ಬತೂತಾ ಅವನನ್ನ ಗೆಳೆಯ ಅಂತಾನೆ. ಅವನು ಒಪ್ಪಿ ಉಳಿದನೋ, ಬೇರೆ ದಾರಿ ಇಲ್ಲದೆ ಉಳಿದನೋ? ಅವನನ್ನ ಯಾರೂ ದ್ರೋಹಿ ಅಂತ ನೆನಪಿಟ್ಟಿಲ್ಲ, ವೀರ ಅಂತಾನೂ ಇಲ್ಲ. ನಮ್ಮ ಕಥೆಗಳಲ್ಲಿ ಅವನೇ ಇಲ್ಲ.

ಇದು ಹಳೇ ಮಾತು ಅನ್ಕೋಬೇಡಿ. ಸುಡಾನ್ ಧರ್ಮ ಬಿಟ್ಟವರಿಗಿದ್ದ ಮರಣದಂಡನೆ ತೆಗೆದದ್ದು 2020ರಲ್ಲಿ, ಇನ್ನು ಕೆಲವು ದೇಶಗಳಲ್ಲಿ ಇವತ್ತಿಗೂ ಜೀವಕ್ಕೆ ಅಪಾಯ. ಭಾರತದಲ್ಲಿ ಧರ್ಮ ಬಿಟ್ಟವನ ಆಸ್ತಿ ಹಕ್ಕು ಹೋಗಬಾರದು ಅಂತ 1850ರಲ್ಲೇ ಕಾಯ್ದೆ ಬಂತು, ಆಮೇಲೆ ಸಂವಿಧಾನದ 25ನೇ ವಿಧಿ. ನಮ್ಮ ರಾಜ್ಯದ 2022ರ ಮತಾಂತರ ಕಾಯ್ದೆಯಲ್ಲಿ ಧರ್ಮ ಬದಲಾಯಿಸೋರು ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ತಿಳಿಸಬೇಕು, ಆದರೆ ಹಿಂದಿನ ಧರ್ಮಕ್ಕೆ ಮರಳಿದ್ರೆ ಅದು ಮತಾಂತರವೇ ಅಲ್ಲ. ಅದನ್ನ ರದ್ದು ಮಾಡೋಕೆ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆ ಕಾಯ್ದೆ ಪ್ರಕಾರ ಹಕ್ಕ-ಬುಕ್ಕರು ಫಾರಂ ತುಂಬಬೇಕಿರಲಿಲ್ಲ. ಅಬೂ ಮುಸ್ಲಿಂ ತುಂಬಬೇಕಿತ್ತು.

ಮುಂದಿನ ಎಪಿಸೋಡ್‌ಗೆ ಹಂಪಿಗೆ ಹೋಗೋಣ. ಅಲ್ಲಿ 1439ರಲ್ಲಿ ಎರಡನೇ ದೇವರಾಯನ ಅಧಿಕಾರಿ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿ ಇದೆ, ಅದರ ಶಾಸನದಲ್ಲಿ ಅದನ್ನ ಧರ್ಮಶಾಲೆ ಅಂತ ಕರೆದಿದ್ದಾರೆ. ಯಾಕೆ ಹಾಗೆ ಅಂತ ಅವತ್ತು ಹೇಳ್ತೀನಿ. ಕಂಪ್ಲಿಯವರು ಕಾಮೆಂಟ್ ಹಾಕೋದು ಮರೀಬೇಡ್ರಪ್ಪ.