ರಮ್ಮಾಣ್: ಗಢವಾಲದ ಮುಖವಾಡ ಕುಣಿತ
ಉತ್ತರಾಖಂಡದ ಗಢವಾಲ ಪ್ರದೇಶದಲ್ಲಿರುವ ಚಮೋಲಿ ಜಿಲ್ಲೆಯ ಸಲೂರ್-ಡುಂಗ್ರಾ ಅವಳಿ ಹಳ್ಳಿಗಳಲ್ಲಿ ಪ್ರತಿವರ್ಷ ಏಪ್ರಿಲ್ ಕೊನೆಗೆ ಊರದೇವರು ಭೂಮಿಯಾಳನ ಉತ್ಸವ. ಅದರಲ್ಲಿ ರಾಮಕಥೆಯ ಪ್ರಸಂಗಗಳನ್ನು ಹಾಡುತ್ತ, ಮರದ ಮುಖವಾಡ ತೊಟ್ಟು ಕುಣಿಯುವ ಆಚರಣೆಯೇ ರಮ್ಮಾಣ್. ಇಲ್ಲಿ ಪ್ರೇಕ್ಷಕರೆಂದು ಬೇರೆ ಯಾರೂ ಇಲ್ಲ ಎನ್ನಬಹುದು. ಊರಿಗೆ ಊರೇ ಪಾತ್ರಧಾರಿ. ಢೋಲು ಬಾರಿಸುವುದು ದಾಸ ಸಮುದಾಯದವರ ಕೆಲಸ. ನರಸಿಂಹನ ಮುಖವಾಡ ಧರಿಸುವ ಹಕ್ಕು ಭಂಡಾರಿ ಸಮುದಾಯದವರಿಗೆ ಮಾತ್ರ. ವರ್ಷವಿಡೀ ಭೂಮಿಯಾಳನನ್ನು ಇರಿಸಿಕೊಂಡ ಮನೆಯವರಿಗೆ ದಿನವೂ ಕಟ್ಟುನಿಟ್ಟಿನ ನೇಮ.

2009ರಲ್ಲಿ ಯುನೆಸ್ಕೋ ರಮ್ಮಾಣ್ ಆಚರಣೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಇಂಥದ್ದನ್ನು ಉಳಿಸಿಡುವುದು ಹೇಗೆ? ಮುಖವಾಡವನ್ನೇನೋ ಗಾಜಿನ ಪೆಟ್ಟಿಗೆಯಲ್ಲಿಡಬಹುದು. ಹಾಡಾದರೋ ಬಾಯಿಂದ ಬಾಯಿಗೆ ಬಂದದ್ದು. ಬರೆದಿಟ್ಟರೆ ಪದ ಉಳಿದೀತು, ಢೋಲಿನ ಯಾವ ಪೆಟ್ಟಿಗೆ ಯಾವ ಹೆಜ್ಜೆ ಎಂಬುದು ಕಾಗದಕ್ಕೆ ಸಿಗದು. ಹೀಗಾಗಿ ದಾಖಲಿಸುವವರು ಅಂಗಳದಲ್ಲೇ ನಿಂತು, ಕುಣಿತ ಮುಗಿಯುವವರೆಗೂ ಚಿತ್ರೀಕರಿಸಬೇಕಾಗುತ್ತದೆ.