ಕೊರಳಿನ ಗ್ರಂಥಿಯೂ ತನ್ನ ಮೇಲಿನ ಪ್ರಯೋಗವೂ

ನಮ್ಮೂರು ಹೂಡೆ. ಉಡುಪಿಯಿಂದ ಕೆಮ್ಮಣ್ಣಿನ ದಾರಿಯಾಗಿ ಕಡಲ ಕಡೆಗೆ ಹೋದವರಿಗೆ ಅದು ಪರಿಚಿತ. ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸುವರ್ಣಾ ನದಿ. ಬಡಗಕ್ಕೆ ನಡೆದರೆ ಕೋಡಿ ಬೆಂಗ್ರೆಯ ಅಳಿವೆ. ಗಾಳಿಯಲ್ಲಿ ಉಪ್ಪು, ಊಟದಲ್ಲಿ ಮೀನು. ಇಂಥ ಊರಿನವರಿಗೆ ಥೈರಾಯಿಡ್ ಕಾಯಿಲೆ ಬಾರದು, ಅದೇನಿದ್ದರೂ ಗುಡ್ಡಗಾಡಿನವರ ಬಾಧೆ ಎಂಬ ನಂಬಿಕೆಯಲ್ಲಿ ನಾವು ಬೆಳೆದವರು. ಆ ನಂಬಿಕೆ ಪೂರ್ತಿ ನಿಜವಲ್ಲವೆಂದು ನನಗೆ ತೋರಿಸಿಕೊಟ್ಟವಳು ನನ್ನ ಅಕ್ಕ. ಆಕೆ ಹದಿನೈದು ವರ್ಷ ದಿನವೂ ಬರಿಹೊಟ್ಟೆಯಲ್ಲಿ ಒಂದು ಪುಟ್ಟ ಬಿಳಿ ಮಾತ್ರೆ ನುಂಗಿ, ಮನೆ ತೋಟ ಎರಡನ್ನೂ ನಡೆಸಿದಳು.

2011ರಲ್ಲಿ ಅಕ್ಕ ತೀರಿಕೊಂಡಳು. ಆಗ ನನಗೆ ಅರುವತ್ತೊಂದು. ಶಾಲೆಯಿಂದ ನಿವೃತ್ತನಾಗಿದ್ದೆ. ವರ್ಷವೊಂದರಿಂದ ಮೈಯಲ್ಲಿ ತ್ರಾಣವಿರಲಿಲ್ಲ. ಕಾಲು ತಣ್ಣಗಾಗುತ್ತಿತ್ತು, ಬೆರಳ ತುದಿ ಜೋಮು ಹಿಡಿಯುತ್ತಿತ್ತು, ಓದುತ್ತ ಕುಳಿತರೆ ಪುಟ ತಿರುವುವಷ್ಟರಲ್ಲಿ ತೂಕಡಿಕೆ. ಅಕ್ಕನಿಗೂ ಮೊದಮೊದಲು ಹೀಗೆಯೇ ಆಗಿತ್ತು. ಆಕೆಯ ಕಪಾಟಿನಲ್ಲಿ ಎರಡು ಮೂರು ಡಬ್ಬಿ ಮಾತ್ರೆ ಉಳಿದಿದ್ದವು, ಒಂದೊಂದೂ 100 ಮೈಕ್ರೋಗ್ರಾಮಿನದು. ಒಂದೇ ರಕ್ತ, ಒಂದೇ ಲಕ್ಷಣ, ಮದ್ದು ಮಾತ್ರ ಬೇರೆ ಏಕೆ ಎಂದುಕೊಂಡು ದಿನಕ್ಕೊಂದರಂತೆ ನುಂಗತೊಡಗಿದೆ. ಯಾರಿಗೂ ಹೇಳಲಿಲ್ಲ. ಒಂದು ನೋಟುಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಟ್ಟೆ. ವಿಜ್ಞಾನದ ಮಾಸ್ಟ್ರಾಗಿದ್ದವನಿಗೆ ಪ್ರಯೋಗವೆಂದರೆ ದಾಖಲೆ ಎಂಬ ಹಳೆಯ ಅಭ್ಯಾಸ. ಮೂರನೆಯ ದಿನದ ಸಾಲಿನಲ್ಲಿ ಮೈ ಹಗುರವಾಯಿತೆಂದು ಬರೆದಿದ್ದೇನೆ.

ಈ ಪ್ರಯೋಗದ ಗತಿ ಏನಾಯಿತೆಂದು ಹೇಳುವ ಮೊದಲು, ಇಂಥದ್ದನ್ನೇ ಮಾಡಿದ ಬೇರೆಯವರ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ನಾನು ಆ ಚರಿತ್ರೆಯನ್ನು ಮೊದಲೇ ಓದಿದ್ದರೆ ಕಪಾಟಿನ ಬಾಗಿಲು ತೆರೆಯುತ್ತಿರಲಿಲ್ಲವೇನೋ.

ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಚಿಟ್ಟೆಯಂತೆ ಅಂಟಿಕೊಂಡಿರುವ ಈ ಗ್ರಂಥಿ ಊದಿಕೊಳ್ಳುವುದನ್ನು ನಮ್ಮ ಸುಶ್ರುತನು ಗಳಗಂಡವೆಂದು ವರ್ಣಿಸಿದ್ದಾನೆ. ಚೀನದ ಹಳೆಯ ವೈದ್ಯರು ಅದಕ್ಕೆ ಕಡಲ ಪಾಚಿಯನ್ನು ಕೊಡುತ್ತಿದ್ದರು. ಪಾಚಿಯಲ್ಲಿದ್ದ ಗುಣ ಯಾವುದೆಂಬುದು ತಿಳಿಯಲು 1811ರವರೆಗೆ ಕಾಯಬೇಕಾಯಿತು. ಆ ವರ್ಷ ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ ಪಾಚಿಯ ಬೂದಿಯಿಂದ ನೇರಳೆ ಬಣ್ಣದ ಆವಿಯೊಂದು ಏಳುವುದನ್ನು ಕಂಡ, ಅದೇ ಅಯೋಡೀನ್. 1820ರಲ್ಲಿ ಜಿನೀವಾದ ವೈದ್ಯ ಕ್ವಾಂಡೆ ಗಳಗಂಡಕ್ಕೆ ಅಯೋಡೀನ್ ಕೊಟ್ಟು, ಗಂಟು ಕರಗಿದುದನ್ನು ಪ್ರಕಟಿಸಿದ. ಊರಿನ ಜನ ಹುಚ್ಚೆದ್ದರು. ವೈದ್ಯರನ್ನು ಕೇಳದೆ ತಾವೇ ಅಯೋಡೀನಿನ ದ್ರಾವಣವನ್ನು ಕೊಂಡು ಕುಡಿಯತೊಡಗಿದರು. ಕೆಲವರ ಗಂಟೂ ಕರಗಿತು, ಮೈಯೂ ಕರಗಿತು. ಎದೆ ಹೊಡೆದುಕೊಂಡಿತು, ಕೈ ನಡುಗಿತು. ಬಹುಕಾಲ ಅಯೋಡೀನಿಗೆ ಹಸಿದಿದ್ದ ಗ್ರಂಥಿಗೆ ಅದು ಒಮ್ಮೆಲೇ ಸಿಕ್ಕಾಗ ಕಡಿವಾಣವಿಲ್ಲದೆ ಹಾರ್ಮೋನು ಸುರಿಯುವುದುಂಟೆಂದು ಇಂದು ನಾವು ಬಲ್ಲೆವು. ಅಂದು ಯಾರೂ ಬಲ್ಲವರಿರಲಿಲ್ಲ.

ಎರಡನೆಯ ಕಥೆ ಪ್ಯಾರಿಸಿನದು. 1889ರಲ್ಲಿ ಬ್ರೌನ್ ಸೆಕಾರ್ ಎಂಬ ಪ್ರಖ್ಯಾತ ಶರೀರವಿಜ್ಞಾನಿ, ತನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡ. ತೋಳಿನ ಬಲ ಮರಳಿತು, ಮೆಟ್ಟಿಲೇರುವುದು ಸುಲಭವಾಯಿತು, ಬುದ್ಧಿಯ ಕೆಲಸದ ತ್ರಾಣ ಹೆಚ್ಚಿತು ಎಂದು ವಿದ್ವತ್ಸಭೆಯ ಮುಂದೆ ಸಾರಿದ. ಆತ ಸುಳ್ಳುಗಾರನಲ್ಲ; ತನಗೆ ಅನಿಸಿದ್ದನ್ನೇ ಹೇಳಿದ. ಆದರೆ 2002ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಆತನ ವಿಧಾನದಂತೆಯೇ ರಸ ತಯಾರಿಸಿ ಅಳೆದಾಗ, ಅದರಲ್ಲಿದ್ದ ಹಾರ್ಮೋನು ಯಾವ ಪರಿಣಾಮಕ್ಕೂ ಸಾಲದಷ್ಟು ಅಲ್ಪವೆಂದು ಕಂಡಿತು. ಮುದುಕನ ತೋಳಿಗೆ ಬಲ ಕೊಟ್ಟದ್ದು ಆತನ ನಂಬಿಕೆ.

ವಿಚಿತ್ರವೆಂದರೆ, ಈ ತಪ್ಪು ಹೆಜ್ಜೆಯ ಮುಂದೆಯೇ ಸರಿಯಾದ ಹೆಜ್ಜೆಯೂ ಬಿತ್ತು. ಪ್ರಾಣಿಯ ಗ್ರಂಥಿಯ ರಸ ಮನುಷ್ಯನಿಗೆ ಮದ್ದಾಗಬಹುದೆಂಬ ಕಲ್ಪನೆ ಗಾಳಿಯಲ್ಲಿ ತೇಲುತ್ತಿದ್ದ ಆ ಕಾಲದಲ್ಲಿ, 1891ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಯುವ ವೈದ್ಯ ಜಾರ್ಜ್ ಮರ್ರೆ ಕುರಿಯ ಥೈರಾಯಿಡಿನ ರಸವನ್ನು ನಲವತ್ತಾರು ವರ್ಷದ ಹೆಂಗಸೊಬ್ಬಳಿಗೆ ಚುಚ್ಚಿದ. ಆಕೆಯ ಗ್ರಂಥಿ ಸೊರಗಿತ್ತು; ಮುಖ ಊದಿ, ಚರ್ಮ ಒಣಗಿ, ಮಾತು ನಿಧಾನವಾಗಿ, ನೆನಪು ಮಂಕಾಗಿತ್ತು. ಮಿಕ್ಸಿಡೀಮ ಎಂಬ ಆ ಕಾಯಿಲೆಗೆ ಅಲ್ಲಿಯವರೆಗೆ ಮದ್ದಿರಲಿಲ್ಲ. ಆಕೆ ಎದ್ದು ಕುಳಿತಳು, ಮನೆಗೆಲಸ ಮಾಡಿದಳು, ಮುಂದೆ ಇಪ್ಪತ್ತೆಂಟು ವರ್ಷ ಬದುಕಿ 1919ರಲ್ಲಿ ತೀರಿಕೊಂಡಳು. ಅಷ್ಟು ಕಾಲದಲ್ಲಿ ಆಕೆ ಸೇವಿಸಿದ ಮದ್ದಿಗೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಗಿತ್ತೆಂದು ಮರ್ರೆಯೇ ಲೆಕ್ಕ ಬರೆದಿಟ್ಟಿದ್ದಾನೆ. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಇಷ್ಟು ನಿರ್ಮಲವಾದ ಗೆಲುವು ಅಪರೂಪ. ನನ್ನ ಅಕ್ಕನ ಹದಿನೈದು ವರ್ಷ ಆ ಗೆಲುವಿನ ಬಳುವಳಿ.

ಆದರೆ ಗೆಲುವಿನ ಬೆನ್ನಿಗೇ ದುರುಪಯೋಗವೂ ಬಂತು. ಮದ್ದು ಕೊಟ್ಟಾಗ ರೋಗಿಗಳ ತೂಕ ಇಳಿಯುವುದನ್ನು ಕಂಡವರು, ರೋಗವಿಲ್ಲದ ಸ್ಥೂಲಕಾಯರಿಗೂ 1890ರ ದಶಕದಲ್ಲೇ ಅದನ್ನು ಕೊಡತೊಡಗಿದರು. ಅಮೆರಿಕದಲ್ಲಿ ಮಾರ್ಮೋಲಾ ಎಂಬ ಹೆಸರಿನ, ಒಣಗಿಸಿದ ಥೈರಾಯಿಡ್ ಬೆರೆಸಿದ ಮಾತ್ರೆ ವೈದ್ಯರ ಚೀಟಿಯಿಲ್ಲದೆ ದಶಕಗಳ ಕಾಲ ಮಾರಾಟವಾಯಿತು. ಅದರ ಜಾಹೀರಾತನ್ನು ತಡೆಯಲು ಸರಕಾರಿ ಆಯೋಗ ಮಾಡಿದ ಯತ್ನವು 1931ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತಿತು. ಎರಡನೆಯ ಮೊಕದ್ದಮೆಯಲ್ಲಿ ಆಯೋಗ ಗೆದ್ದುದು 1942ರಲ್ಲಿ. 1960ರ ದಶಕದಲ್ಲಿ ಅದೇ ದೇಶದಲ್ಲಿ ಬಣ್ಣಬಣ್ಣದ ತೂಕದ ಮಾತ್ರೆಗಳಲ್ಲಿ ಥೈರಾಯಿಡನ್ನು ಇತರ ತೀಕ್ಷ್ಣ ಔಷಧಗಳೊಡನೆ ಬೆರೆಸಿ ಕೊಟ್ಟು ಸಾವುಗಳೂ ಸಂಭವಿಸಿದವು.

ಇಷ್ಟರಲ್ಲಿ ರಸದ ಸಾರವೂ ಕೈಗೆ ಸಿಕ್ಕಿತ್ತು. 1914ರ ಕ್ರಿಸ್‌ಮಸ್ ದಿನ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್‌ನ ಹರಳುಗಳನ್ನು ಪಡೆದ. 1926ರಲ್ಲಿ ಚಾರ್ಲ್ಸ್ ಹ್ಯಾರಿಂಗ್ಟನ್ ಅದರ ರಚನೆಯನ್ನು ಬಿಡಿಸಿದ. 1952ರಲ್ಲಿ ಜ್ಯಾಕ್ ಗ್ರಾಸ್ ಮತ್ತು ರೋಸಲಿಂಡ್ ಪಿಟ್ ರಿವರ್ಸ್ ಅದಕ್ಕಿಂತ ಚುರುಕಾದ ಟಿ-3 ಎಂಬ ತಂಗಿಯನ್ನು ಪತ್ತೆಮಾಡಿದರು. ನಾವು ನುಂಗುವ ಥೈರಾಕ್ಸಿನ್ ಒಂದು ಮುಡಿಪಿನಂತೆ. ದೇಹ ಬೇಕಾದಷ್ಟನ್ನು ಟಿ-3 ಆಗಿ ಪರಿವರ್ತಿಸಿಕೊಂಡು ಬಳಸುತ್ತದೆ. ಈ ಮುಡಿಪು ಬಹಳ ನಿಧಾನಿ. ಇಂದು ನುಂಗಿದ್ದರಲ್ಲಿ ಅರ್ಧ ಒಂದು ವಾರದ ಮೇಲೂ ರಕ್ತದಲ್ಲಿರುತ್ತದೆ. ಪ್ರಮಾಣ ಬದಲಿಸಿದರೆ ಅದರ ಪೂರ್ಣ ಪರಿಣಾಮ ತಿಳಿಯಲು ನಾಲ್ಕರಿಂದ ಆರು ವಾರ ಬೇಕು. ಈ ಒಂದು ಸಂಗತಿಯಲ್ಲಿ ನನ್ನ ಕಥೆಯ ಕೀಲಿ ಇದೆ.

ನಮ್ಮ ದೇಶದಲ್ಲೂ ತನ್ನ ಮೇಲೆ ಪ್ರಯೋಗ ಮಾಡಿಕೊಂಡವರುಂಟು. ಮುಂದೆ ನೀಲಗಿರಿಯ ಕೂನೂರಿನಲ್ಲಿ ಆಹಾರ ಸಂಶೋಧನೆಗೆ ಹೆಸರಾದ ರಾಬರ್ಟ್ ಮೆಕ್ಯಾರಿಸನ್, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಗಿಲ್ಗಿಟ್ ಕಣಿವೆಯಲ್ಲಿದ್ದಾಗ, ಗಳಗಂಡದ ಮೂಲ ನೀರಿನ ಕೊಳೆಯೇ ಎಂದು ಪರೀಕ್ಷಿಸಲು ಆ ನೀರಿನ ಗಸಿಯನ್ನು ಸ್ವಯಂಸೇವಕರೊಡನೆ ತಾನೂ ಕುಡಿದ. ಧೈರ್ಯ ದೊಡ್ಡದು, ಆದರೆ ಗಳಗಂಡದ ಮುಖ್ಯ ಕಾರಣ ಅಯೋಡೀನಿನ ಅಭಾವವೆಂಬ ಉತ್ತರ ಆ ಲೋಟದಲ್ಲಿರಲಿಲ್ಲ. ಭಾರತದಲ್ಲಿ ಆ ಉತ್ತರವನ್ನು ಸ್ಥಾಪಿಸಿದ್ದು 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಆರಂಭವಾದ ಅಧ್ಯಯನ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಣಿವೆಯನ್ನು ವಲಯಗಳಾಗಿ ಹಂಚಿ, ಕೆಲವಕ್ಕೆ ಅಯೋಡೀನ್ ಬೆರೆತ ಉಪ್ಪನ್ನೂ ಒಂದಕ್ಕೆ ಸಾದಾ ಉಪ್ಪನ್ನೂ ಕೊಟ್ಟು ವರ್ಷಗಟ್ಟಲೆ ಕಾದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಸಾದಾ ಉಪ್ಪು ತಿಂದ ವಲಯವೊಂದು ಪಕ್ಕದಲ್ಲಿ ಇರದಿದ್ದರೆ ಅಯೋಡೀನಿನ ಗುಣ ಯಾರಿಗೆ ಗೊತ್ತಾಗುತ್ತಿತ್ತು? ಒಬ್ಬನೇ ಮಾಡುವ ಪ್ರಯೋಗದಲ್ಲಿ ಇಲ್ಲದೆ ಹೋಗುವುದು ಇದೇ.

ಇನ್ನು ನನ್ನ ನೋಟುಪುಸ್ತಕಕ್ಕೆ ಮರಳೋಣ. ಮೂರನೆಯ ದಿನದ ಹಗುರತನ ಮಾತ್ರೆಯದಾಗಿರಲು ಸಾಧ್ಯವೇ ಇರಲಿಲ್ಲ. ಅದು ಬ್ರೌನ್ ಸೆಕಾರನ ತೋಳ್ಬಲದ ಜಾತಿಯದು. ಎರಡು ತಿಂಗಳಲ್ಲಿ ಅದು ಮಾಸಿತು. ಹೊರಗಿನಿಂದ ಹಾರ್ಮೋನು ಬರುತ್ತಿದೆಯೆಂದು ನನ್ನ ಸ್ವಂತ ಗ್ರಂಥಿ ತನ್ನ ಕೆಲಸವನ್ನು ತಗ್ಗಿಸಿಕೊಂಡಿತ್ತು, ಲೆಕ್ಕ ಸರಿಹೋಗಿತ್ತು. ನಾನು ಅದನ್ನು ಮದ್ದು ಸಾಲದೆಂದು ಓದಿಕೊಂಡೆ. ದಿನಕ್ಕೆ ಎರಡು ಮಾತ್ರೆ ಮಾಡಿದೆ.

ಈ ಸಲ ಬಂದ ಬದಲಾವಣೆ ನಂಬಿಕೆಯದಲ್ಲ. ಮುಂಜಾನೆ ನಾಲ್ಕಕ್ಕೆ ಎಚ್ಚರ. ಮರಳಿನ ಮೇಲೆ ಕೋಡಿ ಬೆಂಗ್ರೆಯವರೆಗೆ ನಡೆದು ಬಂದರೂ ದಣಿವಿಲ್ಲ. ವರ್ಷಗಳಿಂದ ಅರ್ಧಕ್ಕೆ ನಿಂತಿದ್ದ ಲೇಖನವೊಂದನ್ನು ಮೂರು ದಿನದಲ್ಲಿ ಮುಗಿಸಿದೆ. ಸೊಂಟದ ಸುತ್ತಳತೆ ಇಳಿಯಿತು. ಆ ಕೆಲವು ವಾರಗಳ ಸುಖವನ್ನು ನಾನು ಅಲ್ಲಗಳೆಯಲಾರೆ. ಆಮೇಲೆ ನೋಟುಪುಸ್ತಕದ ಅಕ್ಷರಗಳೇ ನಡುಗತೊಡಗಿದವು. ಸಣ್ಣ ಮಾತಿಗೆ ಸಿಡುಕು. ಗಂಜಿ ಬಡಿಸಲು ಅರೆಗಳಿಗೆ ತಡವಾದರೆ ಹೆಂಡತಿಯ ಮೇಲೆ ರೇಗುವುದು. ಅದನ್ನು ಮಾತ್ರ ನಾನು ಪುಸ್ತಕದಲ್ಲಿ ಬರೆಯಲೇ ಇಲ್ಲ. ತಪ್ಪು ಅವಳದೆಂದೇ ಆಗ ನನಗೆ ಕಂಡಿತ್ತು. ಒಂದು ರಾತ್ರಿ ಎದೆ ಕಂಬಳದ ಕೋಣಗಳಂತೆ ಓಡಿತು, ಆದರೆ ಲಯವಿಲ್ಲದೆ. ಮಗ ಕಾರಿನಲ್ಲಿ ಮಣಿಪಾಲಕ್ಕೆ ಕರೆದೊಯ್ದ.

ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಕಂಪಿಸುತ್ತಿದ್ದವು. ಅದರಿಂದ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ ಬಡಿಯುತ್ತದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಅಧ್ಯಯನ 1994ರಲ್ಲೇ ತಿಳಿಸಿತ್ತು: ಅರುವತ್ತು ದಾಟಿದವರಲ್ಲಿ ಥೈರಾಯಿಡ್ ಹಾರ್ಮೋನು ಅತಿಯಾಗಿರುವ ಸೂಚನೆಯಿದ್ದರೆ, ಹತ್ತು ವರ್ಷದೊಳಗೆ ಈ ಲಯಭಂಗವಾಗುವ ಸಂಭವ ಮೂರು ಪಾಲು. ಮೂಳೆ ಸವೆಯುವುದು ಇನ್ನೊಂದು ಅಪಾಯ. ಪರೀಕ್ಷಿಸಿದ ವೈದ್ಯೆ ನನ್ನ ಮಗಳ ವಯಸ್ಸಿನವರು. ಎಲ್ಲವನ್ನೂ ಕೇಳಿ, “ಮಾಸ್ಟ್ರೇ, ಅಕ್ಕನ ಕನ್ನಡಕವನ್ನು ನೀವು ಹಾಕಿಕೊಳ್ಳುತ್ತಿದ್ದಿರೇನು?” ಎಂದಷ್ಟೇ ಕೇಳಿದರು. ಉತ್ತರ ಹೊಳೆಯಲಿಲ್ಲ. ಮಾತ್ರೆ ನಿಂತಿತು. ಮುಂದಿನ ಕೆಲವು ವಾರ ಮೊದಲಿಗಿಂತಲೂ ಮಿಗಿಲಾದ ಆಯಾಸ. ಮಲಗಿದ್ದ ಗ್ರಂಥಿ ಏಳಲು ಹೊತ್ತು ಬೇಕಾಯಿತು. ಯಾರೂ ಹೇಳದೆ ಇದ್ದಿದ್ದರೆ ಆ ಆಯಾಸವನ್ನೇ ಸಾಕ್ಷಿಯಾಗಿ ಹಿಡಿದು, ಮಾತ್ರೆ ನನಗೆ ಬೇಕೇ ಬೇಕೆಂದು ಮತ್ತೆ ಡಬ್ಬಿ ತೆರೆಯುತ್ತಿದ್ದೆ.

ನನ್ನ ಮೂಲ ಆಯಾಸಕ್ಕೆ ಕಾರಣ ಬೇರೆಯೇ ಇತ್ತು. ನನ್ನ ದೇಹ ಬಿ-12 ಜೀವಸತ್ವವನ್ನು ಹೀರಿಕೊಳ್ಳುತ್ತಿರಲಿಲ್ಲ. ಅಕ್ಕನ ಥೈರಾಯಿಡ್ ಕಾಯಿಲೆಗೂ ಇದಕ್ಕೂ ದೂರದ ನಂಟುಂಟು. ದೇಹದ ರಕ್ಷಣಾಪಡೆಯೇ ತನ್ನ ಅಂಗವನ್ನು ಶತ್ರುವೆಂದು ಭ್ರಮಿಸುವ ಗುಣ ಒಂದೇ ಕುಟುಂಬದಲ್ಲಿ ಒಬ್ಬರ ಕೊರಳಿಗೂ ಇನ್ನೊಬ್ಬರ ಹೊಟ್ಟೆಗೂ ಬರಬಹುದು. 1912ರಲ್ಲಿ ಜಪಾನಿನ ಹಶಿಮೊಟೊ ವರ್ಣಿಸಿದ ಇಂಥ ಥೈರಾಯಿಡ್ ಕಾಯಿಲೆಗೆ ಕಡಲ ಮೀನೂ ಅಯೋಡೀನಿನ ಉಪ್ಪೂ ತಡೆಯಲ್ಲ. ಹಾಗಾಗಿಯೇ ಹೂಡೆಯಲ್ಲೂ ಅದು ಬರುತ್ತದೆ. ಒಂದೇ ರಕ್ತವೆಂಬ ನನ್ನ ಊಹೆ ಸರಿ. ಒಂದೇ ಮದ್ದೆಂಬ ತೀರ್ಮಾನ ತಪ್ಪು. ನಾಲ್ಕು ತಿಂಗಳು ನಾನು ಸಲ್ಲದ ಮಾತ್ರೆ ನುಂಗುತ್ತಿದ್ದಾಗ ಕಾಲಿನ ನರಗಳು ಸದ್ದಿಲ್ಲದೆ ಕೆಡುತ್ತಿದ್ದವು. ಎಡಪಾದದ ಜೋಮು ಇಂದಿಗೂ ಪೂರ್ತಿ ಹೋಗಿಲ್ಲ.

ಹಾಗಾದರೆ ರೋಗಿಯ ಸ್ವಂತ ಅನುಭವಕ್ಕೆ ಬೆಲೆಯಿಲ್ಲವೇ? ಹಾಗೆನ್ನಲಾರೆ. ರಕ್ತಪರೀಕ್ಷೆಯ ಅಂಕಿ ಸರಿಯಾಗಿದ್ದೂ ಮೈ ಸರಿಯಿಲ್ಲವೆನ್ನುವ ರೋಗಿಗಳು ನಿಜವಾಗಿ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವುದು ಸಲ್ಲದು. ಆದರೆ ಅಂಥವರಿಗೆ ಥೈರಾಕ್ಸಿನ್ ಕೊಟ್ಟು ನೋಡಿದ ಬ್ರಿಟನ್ನಿನ ಪರೀಕ್ಷೆಯೊಂದರಲ್ಲಿ, ಅದರ ವರದಿ 2001ರದು, ಮದ್ದಿಗೂ ಹುಸಿಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಗ್ರಂಥಿ ನಿಜವಾಗಿ ಸೊರಗಿದವರಿಗೆ ಮಾತ್ರ ಅದೇ ಮಾತ್ರೆ ಪ್ರಾಣದಾನ. ಮರ್ರೆಯ ರೋಗಿಗೆ ಲೆಕ್ಕ ಬರೆಯಲು ಮರ್ರೆ ಇದ್ದ. ನನಗೆ ಇದ್ದವನು ನಾನೊಬ್ಬನೇ. ಮತ್ತು ಈ ಹಾರ್ಮೋನು ಮೊದಲು ಬದಲಿಸುವುದು ಲೆಕ್ಕ ಬರೆಯುವವನ ಮನಸ್ಸನ್ನೇ.

ಆ ನೋಟುಪುಸ್ತಕವನ್ನು ಎಸೆದಿಲ್ಲ. ಕೊನೆಯ ಪುಟಗಳ ನಡುಗುವ ಅಕ್ಷರಗಳ ಕೆಳಗೆ ಹೆಂಡತಿಯ ಕೈಯಿಂದ ಒಂದು ಸಾಲು ಬರೆಸಿದ್ದೇನೆ, ನಾನು ಬರೆಯದೆ ಬಿಟ್ಟದ್ದನ್ನು. ಹೋಲಿಕೆಗೆ ಇನ್ನೊಬ್ಬರ ಸಾಕ್ಷಿ ಬೇಕಲ್ಲವೇ?